ಕಸವೂ ರೂಢಿಯೂ

ಒಂದು ಮನೆಯ ಸಿರಿವಂತಿಕೆಯನ್ನು ಅದರ ಪಡಸಾಲೆಯಲ್ಲಿ ಕಾಣಬಹುದು. ಆ ಮನೆಯವರ ವಿವೇಕವನ್ನು ಕಾಣಬೇಕಾದರೆ ಹಿತ್ತಿಲಿಗೆ ಹೋಗಬೇಕು. ಏನನ್ನು ಕೊಂಡರು ಎಂಬುದಕ್ಕಿಂತ ಏನನ್ನು ಎಸೆದರು, ಹೇಗೆ ಎಸೆದರು ಎಂಬುದು ಮನುಷ್ಯರ ಬಾಳುವೆಯ ರೀತಿಯನ್ನು ಹೆಚ್ಚು ಸ್ಪಷ್ಟವಾಗಿ ತಿಳಿಸುತ್ತದೆ. ಮನೆಗಳಿಗೆ ಸಲ್ಲುವ ಈ ಮಾತು ದೇಶಗಳಿಗೂ ಸಲ್ಲುತ್ತದೆ. ಪಶ್ಚಿಮ ಯೂರೋಪಿನ ದೇಶಗಳು ಉಡುಪಿನಲ್ಲಿ, ಊಟದಲ್ಲಿ, ಅಂಗಡಿಯಿಂದ ಕೊಂಡು ತರುವ ಸಾಮಾನುಗಳಲ್ಲಿ ಬಹಳ ಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಆದರೆ ಬರಿದಾದ ಸೀಸೆಯನ್ನು, ಓದಿ ಮುಗಿದ ಪತ್ರಿಕೆಯನ್ನು, ತರಕಾರಿಯ ಸಿಪ್ಪೆಯನ್ನು ಏನು ಮಾಡಬೇಕೆಂಬ ಪ್ರಶ್ನೆ ಬಂದಾಗ ಅವುಗಳ ದಾರಿಗಳು ಬೇರೆ ಬೇರೆಯಾಗುತ್ತವೆ.

2022ರ ಲೆಕ್ಕದಂತೆ ಬ್ರಿಟನ್ನಿನ ಮನೆಗಳಿಂದ ಹೊರಬಿದ್ದ ಕಸದಲ್ಲಿ ಶೇಕಡ 44ರಷ್ಟು ಮಾತ್ರ ಮರುಬಳಕೆಗೆ ಸಂದಿತು. ಜರ್ಮನಿಯಲ್ಲಾದರೋ ಊರುಗಳ ಕಸದ ಮೂರನೆಯ ಎರಡು ಪಾಲು ಈ ಮಾರ್ಗ ಹಿಡಿಯುತ್ತದೆ. ಲೆಕ್ಕ ಹಾಕುವ ಕ್ರಮ ಎಲ್ಲ ದೇಶಗಳಲ್ಲಿ ಒಂದೇ ಬಗೆಯಾಗಿಲ್ಲವಾದ್ದರಿಂದ ಈ ಅಂಕಿಗಳನ್ನು ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ. ಆದರೂ ಅಂತರ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಹಾಗೆಂದು ಬ್ರಿಟನ್ ಎಲ್ಲರಿಗಿಂತ ಹಿಂದೆ ಬಿದ್ದ ದೇಶವೂ ಅಲ್ಲ. ರುಮೇನಿಯ, ಮಾಲ್ಟ ಮೊದಲಾದ ದೇಶಗಳು ಐದನೆಯ ಒಂದು ಪಾಲನ್ನು ಮುಟ್ಟಲೂ ಹೆಣಗುತ್ತಿವೆ. ಸಾಲಿನ ನಡುವೆ ನಿಂತು, ಮುಂದೆ ಹೋಗಲೂ ಆಗದೆ ಹಿಂದೆ ಸರಿಯಲೂ ಒಪ್ಪದೆ ಇರುವ ವಿದ್ಯಾರ್ಥಿಯಂತಿದೆ ಅದರ ಸ್ಥಿತಿ.

ಈ ಅಂತರಕ್ಕೆ ಸಾಮಾನ್ಯವಾಗಿ ಹೇಳುವ ಕಾರಣವೊಂದುಂಟು. ಜರ್ಮನರು ಹುಟ್ಟಿನಿಂದಲೇ ಶಿಸ್ತಿನವರು, ಸ್ವಿಸ್ ಜನ ಅಚ್ಚುಕಟ್ಟಿನವರು, ಇಂಗ್ಲಿಷರಾದರೋ ತಮ್ಮ ಮನೆಯ ವಿಷಯದಲ್ಲಿ ಸರ್ಕಾರ ತಲೆಹಾಕುವುದನ್ನು ಸಹಿಸದವರು. ಆದ್ದರಿಂದ ಒಬ್ಬರು ಕಸವನ್ನು ವಿಂಗಡಿಸುತ್ತಾರೆ, ಇನ್ನೊಬ್ಬರು ಒಂದೇ ತೊಟ್ಟಿಗೆ ಸುರಿಯುತ್ತಾರೆ ಎಂಬುದು ಆ ವಾದ. ಕೇಳಲು ಇದು ಸೊಗಸಾಗಿದೆ. ಯಾರೂ ಏನನ್ನೂ ಮಾಡಬೇಕಾದ ಅಗತ್ಯವಿಲ್ಲವೆಂಬ ನೆಮ್ಮದಿಯೂ ಇದರಲ್ಲಿದೆ. ಸ್ವಭಾವವನ್ನು ಬದಲಿಸಲು ಯಾರಿಂದ ಸಾಧ್ಯ? ಆದರೆ ಈ ವಾದ ಚರಿತ್ರೆಯ ಎದುರು ನಿಲ್ಲಲಾರದು. ಕಸವನ್ನು ಕಾಪಾಡುವ ರೂಢಿ ರಕ್ತದಿಂದ ಬರುವಂಥದಲ್ಲ, ಏರ್ಪಾಡಿನಿಂದ ಬರುವಂಥದು. ಏರ್ಪಾಡು ಇದ್ದಾಗ ಅದು ಬೆಳೆಯುತ್ತದೆ, ಏರ್ಪಾಡು ಕೆಟ್ಟಾಗ ಅಳಿಯುತ್ತದೆ. ಇದಕ್ಕೆ ಬ್ರಿಟನ್ನಿಗಿಂತ ಒಳ್ಳೆಯ ನಿದರ್ಶನ ಬೇರೆ ಬೇಡ.

ಇಂಗ್ಲಿಷಿನಲ್ಲಿ ಕಸದ ತೊಟ್ಟಿಗೆ 'ಡಸ್ಟ್‌ಬಿನ್' ಎಂಬ ಹೆಸರು ಬಂದದ್ದು ಅಕಾರಣವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಮನೆಗಳಿಂದ ಹೊರಬರುತ್ತಿದ್ದ ಕಸದ ಬಹುಭಾಗ ಕಲ್ಲಿದ್ದಲಿನ ಬೂದಿಯ ಧೂಳು. ಆ ಧೂಳನ್ನು ಗಾಡಿಗಳಲ್ಲಿ ಹೊತ್ತು ತಂದು ಅಂಗಳಗಳಲ್ಲಿ ಗುಡ್ಡೆ ಹಾಕುತ್ತಿದ್ದರು. ಹೆಂಗಸರೂ ಮಕ್ಕಳೂ ಜರಡಿ ಹಿಡಿದು ಅದನ್ನು ಸೋಸುತ್ತಿದ್ದರು. ನುಣ್ಣನೆಯ ಬೂದಿ ಇಟ್ಟಿಗೆಯ ಮಣ್ಣಿಗೆ ಸೇರುತ್ತಿತ್ತು. ಅರೆಬೆಂದ ಕೆಂಡ ಆ ಇಟ್ಟಿಗೆಯನ್ನು ಸುಡಲು ಒದಗುತ್ತಿತ್ತು. ಚಿಂದಿ ಬಟ್ಟೆ ಕಾಗದದ ಕಾರ್ಖಾನೆಗೂ ಮೂಳೆ ಸಾಬೂನು, ಗೊಬ್ಬರ ತಯಾರಿಸುವವರಿಗೂ ಮಾರಾಟವಾಗುತ್ತಿದ್ದವು. ಈ ಬೂದಿಗುಡ್ಡೆಗಳಿಂದ ಹಣವಂತರಾದವರೂ ಇದ್ದರು. ಚಾರ್ಲ್ಸ್ ಡಿಕನ್ಸ್ 1864-65ರಲ್ಲಿ ಪ್ರಕಟಿಸಿದ 'ಅವರ್ ಮ್ಯೂಚುವಲ್ ಫ್ರೆಂಡ್' ಕಾದಂಬರಿಯ ಆಸ್ತಿವಿವಾದವೆಲ್ಲ ಇಂಥ ಗುಡ್ಡೆಗಳಿಂದ ಬಂದ ಸಂಪತ್ತಿನ ಸುತ್ತಲೇ ಹೆಣೆದದ್ದು. ಆ ದುಡಿಮೆ ಹೊಟ್ಟೆಪಾಡಿನ ದುಡಿಮೆ. ಅದರ ಕೊಳೆ, ರೋಗ, ಬಡತನಗಳನ್ನು ಮರೆತು ಹೊಗಳುವುದು ಸಲ್ಲದು. ಆದರೆ ಕಸದಲ್ಲಿ ರಸವಿದೆಯೆಂಬ ತಿಳಿವಳಿಕೆ ಅಂದಿನ ಇಂಗ್ಲೆಂಡಿಗೆ ಹೊಸದಾಗಿರಲಿಲ್ಲವೆಂಬುದನ್ನು ಮಾತ್ರ ಒಪ್ಪಲೇಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ತಿಳಿವಳಿಕೆ ರಾಷ್ಟ್ರದ ಕರ್ತವ್ಯವಾಯಿತು. ಹಡಗುಗಳ ಮೇಲೆ ಶತ್ರುವಿನ ದಾಳಿ ನಡೆಯುತ್ತಿದ್ದಾಗ ಹೊರಗಿನಿಂದ ಸಾಮಗ್ರಿ ಬರುವುದು ಕಷ್ಟವಾಯಿತು. ಗೃಹಿಣಿಯರು ಕಾಗದ, ಲೋಹ, ಚಿಂದಿ, ಮೂಳೆಗಳನ್ನು ಬೇರೆ ಬೇರೆಯಾಗಿ ಕೂಡಿಟ್ಟರು. ಬೀದಿಯ ಮೂಲೆಗಳಲ್ಲಿ ಹಂದಿಗಳ ಮೇವಿಗೆಂದು ತೊಟ್ಟಿಗಳನ್ನಿಟ್ಟರು. ಅಡಿಗೆಮನೆಯ ಉಳಿಕೆ ಅವುಗಳಿಗೆ ಬೀಳುತ್ತಿತ್ತು. ಉತ್ತರ ಲಂಡನ್ನಿನ ಟಾಟನ್‌ಹ್ಯಾಮಿನಲ್ಲಿ ಆ ಉಳಿಕೆಯನ್ನು ಬೇಯಿಸಿ ಸಿದ್ಧಪಡಿಸಿದ ಹಂದಿಮೇವಿಗೆ ಜನ 'ಟಾಟನ್‌ಹ್ಯಾಮ್ ಪುಡಿಂಗ್' ಎಂದೇ ಹೆಸರಿಟ್ಟಿದ್ದರು. 1942ರಲ್ಲಿ ರದ್ದಿ ಕಾಗದವನ್ನು ಸುಡುವುದೂ ಎಸೆಯುವುದೂ ಅಪರಾಧವಾಯಿತು. ಸರ್ಕಾರ ಮನೆಯ ತೊಟ್ಟಿಗೆ ಕೈಹಾಕಿದರೆ ಇಂಗ್ಲಿಷರು ಸಹಿಸಲಾರರು ಎಂದು ಹೇಳುವವರು ಈ ಆರು ವರ್ಷಗಳನ್ನು ನೆನೆಯಬೇಕು.

ಯುದ್ಧ ಮುಗಿದ ಮೇಲೂ ಒಂದು ಒಳ್ಳೆಯ ರೂಢಿ ಬಹುಕಾಲ ಉಳಿದಿತ್ತು. ನಸುಕಿನಲ್ಲಿ ಹಾಲಿನವನು ಮನೆಯ ಮೆಟ್ಟಿಲ ಮೇಲೆ ತುಂಬಿದ ಗಾಜಿನ ಸೀಸೆಗಳನ್ನಿಟ್ಟು, ತೊಳೆದಿಟ್ಟ ಬರಿಸೀಸೆಗಳನ್ನು ಒಯ್ಯುತ್ತಿದ್ದನು. 1970ರ ದಶಕದವರೆಗೂ ಬ್ರಿಟನ್ನಿನ ಹಾಲಿನ ಬಹುಪಾಲು ಹೀಗೆಯೇ ಮನೆಗಳನ್ನು ತಲಪುತ್ತಿತ್ತು. ಒಂದೇ ಸೀಸೆ ಮತ್ತೆ ಮತ್ತೆ ತುಂಬಿ ಬರುತ್ತಿತ್ತು. ಇದಕ್ಕೆ ಯಾವ ಪ್ರಚಾರವೂ ಬೇಕಿರಲಿಲ್ಲ. ಸೀಸೆಯನ್ನು ತೊಳೆದು ಬಾಗಿಲಲ್ಲಿಡುವುದು ಹಲ್ಲುಜ್ಜುವಷ್ಟು ಸಹಜವಾದ ಕೆಲಸವಾಗಿತ್ತು. ಏಕೆಂದರೆ ಅದನ್ನು ಒಯ್ಯುವವನು ಪ್ರತಿದಿನ ತಪ್ಪದೆ ಬರುತ್ತಿದ್ದನು. ದೊಡ್ಡ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಸೀಸೆಯ ಅಗ್ಗದ ಹಾಲು ದೊರೆಯತೊಡಗಿದಾಗ ಹಾಲಿನವನು ಮರೆಯಾದನು. ಅವನೊಂದಿಗೆ ರೂಢಿಯೂ ಮರೆಯಾಯಿತು. ಜನರ ಸ್ವಭಾವ ಒಂದು ದಶಕದಲ್ಲಿ ಬದಲಾಯಿತೆಂದು ಯಾರೂ ಹೇಳಲಾರರು; ಬದಲಾದದ್ದು ಏರ್ಪಾಡು.

ಆ ಹೊತ್ತಿಗೆ ಕಸವನ್ನು ಹೂಳುವುದು ಬ್ರಿಟನ್ನಿನಲ್ಲಿ ಅತ್ಯಂತ ಸುಲಭವಾದ ದಾರಿಯಾಗಿತ್ತು. ಕಲ್ಲು, ಜಲ್ಲಿ, ಜೇಡಿಮಣ್ಣುಗಳನ್ನು ತೆಗೆದು ಬರಿದಾಗಿದ್ದ ಹಳ್ಳಗಳು ದೇಶದ ತುಂಬ ಇದ್ದವು. ಬೆಡ್‌ಫರ್ಡ್‌ಷೈರಿನಲ್ಲಿ ಇಟ್ಟಿಗೆಗೆಂದು ಮಣ್ಣು ತೆಗೆದ ಹಳ್ಳಗಳಿಗೆ ಲಂಡನ್ನಿನ ಕಸ ರೈಲಿನಲ್ಲಿ ಸಾಗಿತು. ಒಂದು ಕಾಲದಲ್ಲಿ ಲಂಡನ್ನಿನ ಕಸವೇ ಇಟ್ಟಿಗೆಯಾಗುತ್ತಿತ್ತು; ಈಗ ಇಟ್ಟಿಗೆ ಹುಟ್ಟಿದ ಹಳ್ಳ ಕಸದ ಗೋರಿಯಾಯಿತು. ಹೂಳುವುದು ಅಗ್ಗವಾಗಿರುವಾಗ ವಿಂಗಡಿಸುವ ಶ್ರಮ ಯಾರಿಗೆ ಬೇಕು? 1977ರಲ್ಲಿ ಯಾರ್ಕ್‌ಷೈರಿನ ಬಾರ್ನ್ಸ್‌ಲಿ ಪಟ್ಟಣದಲ್ಲಿ ಗಾಜಿನ ಸೀಸೆಗಳನ್ನು ಹಾಕುವ ದೇಶದ ಮೊದಲ ಸಾರ್ವಜನಿಕ ತೊಟ್ಟಿಯನ್ನು ಇಟ್ಟರು. ಆದರೆ ಉತ್ಸಾಹಿಗಳು ಮಾತ್ರ ಸೀಸೆಗಳನ್ನು ಅಲ್ಲಿಗೆ ಹೊತ್ತು ನಡೆದರು. 2000-01ರ ವೇಳೆಗೂ ಇಂಗ್ಲೆಂಡಿನ ಮನೆಗಳ ಕಸದಲ್ಲಿ ಮರುಬಳಕೆಯಾಗುತ್ತಿದ್ದುದು ಶೇಕಡ 11ರಷ್ಟೇ.

ಇದೇ ಅವಧಿಯಲ್ಲಿ ಜರ್ಮನಿ ಬೇರೊಂದು ದಾರಿ ಹಿಡಿದಿತ್ತು. 1991ರಲ್ಲಿ ಅಲ್ಲಿ ಜಾರಿಗೆ ಬಂದ ನಿಯಮದಂತೆ ಸಾಮಾನನ್ನು ಸುತ್ತಿ ಕಟ್ಟುವ ಡಬ್ಬಿ, ಪೊಟ್ಟಣ, ಹಾಳೆಗಳನ್ನು ಮರಳಿ ಸಂಗ್ರಹಿಸಿ ಸಂಸ್ಕರಿಸುವ ಹೊಣೆ ಅವುಗಳನ್ನು ಮಾರುಕಟ್ಟೆಗೆ ತಂದ ಉದ್ಯಮಗಳ ಮೇಲೆ ಬಿದ್ದಿತು. ಮನೆಯ ಮುಂದೆ ಬಣ್ಣದ ತೊಟ್ಟಿಗಳು ಬಂದವು: ಕಾಗದಕ್ಕೆ ನೀಲಿ, ಪೊಟ್ಟಣಗಳಿಗೆ ಹಳದಿ, ಸಿಪ್ಪೆ ಸೊಪ್ಪುಗಳಿಗೆ ಕಂದು, ಉಳಿದದ್ದಕ್ಕೆ ಕಪ್ಪು ಅಥವಾ ಬೂದು. ಗಾಜನ್ನು ಬಿಳಿ, ಹಸಿರು, ಕಂದು ಎಂದು ಬೇರ್ಪಡಿಸಿ ಬೀದಿಯ ತೊಟ್ಟಿಗೆ ಹಾಕಬೇಕು; ಸದ್ದಿನಿಂದ ನೆರೆಯವರ ವಿಶ್ರಾಂತಿ ಕೆಡುವುದರಿಂದ ರಾತ್ರಿಯಲ್ಲೂ ಭಾನುವಾರವೂ ಹಾಕಬಾರದು. 2003ರಿಂದ ಒಮ್ಮೆ ಬಳಸಿ ಬಿಡುವ ಪಾನೀಯದ ಡಬ್ಬಿ, ಸೀಸೆಗಳಿಗೆ 25 ಸೆಂಟು ಠೇವಣಿ ಕಡ್ಡಾಯವಾಯಿತು. ಬರಿ ಸೀಸೆಯನ್ನು ಅಂಗಡಿಯ ಯಂತ್ರಕ್ಕೆ ಒಪ್ಪಿಸಿದರೆ ಆ ಹಣ ಮರಳಿ ಬರುತ್ತದೆ. ತಾನೇ ಹಿಂದಿರುಗಿಸಲು ಬೇಸರಪಟ್ಟವನು ಸೀಸೆಯನ್ನು ತೊಟ್ಟಿಯೊಳಗೆ ಎಸೆಯದೆ ಅದರ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾನೆ. ಬಡವನೊಬ್ಬ ಅದನ್ನು ಆಯ್ದು ಒಂದಿಷ್ಟು ಕಾಸು ಪಡೆಯುತ್ತಾನೆ. ಕೊನೆಗೆ 2005ರ ಜೂನ್ ತಿಂಗಳಿಂದ ಸಂಸ್ಕರಿಸದ ಮನೆಗಸವನ್ನು ನೆಲದಲ್ಲಿ ಹೂಳುವುದನ್ನೇ ನಿಷೇಧಿಸಲಾಯಿತು. ಜರ್ಮನರ ಶಿಸ್ತೆಂದು ಹೊಗಳುವುದರ ಹಿಂದೆ ಇಷ್ಟು ಕಟ್ಟಳೆ, ಇಷ್ಟು ತೊಟ್ಟಿ, ಇಷ್ಟು ಕಾಸು ಇವೆಯೆಂಬುದನ್ನು ಮರೆಯಬಾರದು.

ಸ್ವಿಟ್ಜರ್ಲೆಂಡಿನ ಉಪಾಯ ಇನ್ನೂ ಸರಳವಾದದ್ದು. ಅಲ್ಲಿ ಬಹುತೇಕ ಕಡೆ ವಿಂಗಡಿಸದ ಕಸವನ್ನು ಊರಾಡಳಿತ ಗೊತ್ತುಮಾಡಿದ ಚೀಲದಲ್ಲಿಯೇ ತುಂಬಿಡಬೇಕು. ಕಸ ಸಾಗಿಸುವ ಖರ್ಚು ಆ ಚೀಲದ ಬೆಲೆಯಲ್ಲಿಯೇ ಸೇರಿರುತ್ತದೆ. ಸೇಂಟ್ ಗಾಲನ್ ನಗರ 1975ರಷ್ಟು ಹಿಂದೆಯೇ ಈ ಪದ್ಧತಿಯನ್ನು ತಂದಿತು. ಹೆಚ್ಚು ಎಸೆದವನು ಹೆಚ್ಚು ತೆರುತ್ತಾನೆ. ಕಾಗದವನ್ನು ಕಟ್ಟುಕಟ್ಟಿ, ಗಾಜನ್ನು ಬೇರ್ಪಡಿಸಿ ಒಪ್ಪಿಸಿದವನ ಚೀಲ ಬೇಗ ತುಂಬುವುದಿಲ್ಲ. ಉಪದೇಶ ಮಾಡಲಾರದ ಕೆಲಸವನ್ನು ಚೀಲ ಮಾಡುತ್ತದೆ. ಸ್ವೀಡನ್ 1984ರಲ್ಲಿಯೇ ಪಾನೀಯದ ಡಬ್ಬಿಗಳಿಗೆ ಠೇವಣಿ ಏರ್ಪಡಿಸಿತು. ಕಸವನ್ನು ಹೂಳುವುದನ್ನಂತೂ ಬಹುತೇಕ ನಿಲ್ಲಿಸಿಯೇ ಬಿಟ್ಟಿತು. ಆದರೆ ಅಲ್ಲಿನ ಮನೆಗಸದ ಸುಮಾರು ಅರ್ಧಪಾಲು ಕುಲುಮೆಗಳಲ್ಲಿ ಉರಿದು ಮನೆಗಳನ್ನು ಬೆಚ್ಚಗಿಡುತ್ತದೆ. ಹೂಳುವುದಕ್ಕಿಂತ ಇದು ಲೇಸೇ ಸರಿ. ಆದರೆ ಸುಟ್ಟದ್ದು ಮತ್ತೆ ಕಾಗದವಾಗದು, ಮತ್ತೆ ಸೀಸೆಯಾಗದು.

ಏರ್ಪಾಡು ಎಂದರೆ ರಾಜಧಾನಿಯಿಂದ ಬರುವ ಆಜ್ಞೆಯೊಂದೇ ಅಲ್ಲ. ಇಟಲಿಯ ಟಸ್ಕನಿ ಪ್ರಾಂತದಲ್ಲಿ ಲುಕ್ಕಾ ನಗರದ ಬಳಿ ಕಪಾನೊರಿ ಎಂಬ ಊರಿದೆ. 1990ರ ದಶಕದಲ್ಲಿ ಅಲ್ಲಿ ಕಸ ಸುಡುವ ಕುಲುಮೆಯೊಂದನ್ನು ಕಟ್ಟುವ ಯೋಜನೆ ಬಂದಾಗ ರೊಸಾನೊ ಎರ್ಕೊಲಿನಿ ಎಂಬ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಅದನ್ನು ವಿರೋಧಿಸಿದರು. ಬರಿಯ ವಿರೋಧದಿಂದ ಕಸ ಕರಗುವುದಿಲ್ಲವೆಂದು ಅವರು ಬಲ್ಲರು. ಕುಲುಮೆ ಬೇಡವೆಂದ ಮೇಲೆ ಕಸವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಊರವರೊಡನೆ ಸೇರಿಯೇ ಉತ್ತರ ಹುಡುಕಿದರು. ಮನೆ ಮನೆಯ ಬಾಗಿಲಲ್ಲಿ ವಿಂಗಡಿಸಿದ ಕಸವನ್ನು ಪಡೆಯುವ ಕ್ರಮ ಬಡಾವಣೆಯಿಂದ ಬಡಾವಣೆಗೆ ಹಬ್ಬಿತು. 2007ರಲ್ಲಿ ಆ ಊರು ಹೂಳುವ, ಸುಡುವ ಕಸವೇ ಇಲ್ಲದಂತೆ ಮಾಡುವ ಸಂಕಲ್ಪವನ್ನು ಯೂರೋಪಿನಲ್ಲಿ ಮೊದಲಿಗೆ ಕೈಗೊಂಡಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಸದ ಐದರಲ್ಲಿ ನಾಲ್ಕು ಪಾಲು ಬೇರ್ಪಟ್ಟು ಬರತೊಡಗಿತು. 2013ರಲ್ಲಿ ಎರ್ಕೊಲಿನಿಯವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಂದಿತು. ಇಟಲಿಯ ಜನ ಶಿಸ್ತಿಗೆ ಹೆಸರಾದವರೆಂದು ಯಾರೂ ಹೇಳಿದ್ದಿಲ್ಲ. ಸ್ವಭಾವದ ವಾದ ಇಲ್ಲಿ ಇನ್ನೊಮ್ಮೆ ಸೋಲುತ್ತದೆ.

ಬ್ರಿಟನ್ ಕಣ್ಣು ತೆರೆಯಲಿಲ್ಲವೆಂದಲ್ಲ. 1996ರಲ್ಲಿ ಹೂಳುವ ಕಸದ ಮೇಲೆ ತೆರಿಗೆ ಬಂದಿತು. ಕೊಳೆಯುವ ಕಸಕ್ಕೆ ಟನ್ನಿಗೆ 7 ಪೌಂಡಿನಿಂದ ಆರಂಭವಾದ ಆ ತೆರಿಗೆ 2023ರ ಹೊತ್ತಿಗೆ 100 ಪೌಂಡನ್ನು ಮೀರಿತು. ಹೂಳುವ ಕಸವನ್ನು ತಗ್ಗಿಸಬೇಕೆಂದು ಯೂರೋಪಿನ ಒಕ್ಕೂಟ 1999ರಲ್ಲಿ ವಿಧಿಸಿದ ನಿರ್ದೇಶ ಅಂದಿನ ಸದಸ್ಯರಾಷ್ಟ್ರವಾದ ಬ್ರಿಟನ್ನಿಗೂ ಅನ್ವಯಿಸಿತು. 2003ರ ಕಾಯಿದೆಯೊಂದು, 2010ರೊಳಗೆ ಇಂಗ್ಲೆಂಡಿನ ಪ್ರತಿ ಮನೆಯ ಬಾಗಿಲಿನಿಂದಲೂ ಕನಿಷ್ಠ ಎರಡು ಬಗೆಯ ಮರುಬಳಕೆ ವಸ್ತುಗಳನ್ನು ಒಯ್ಯಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಕಟ್ಟುಮಾಡಿತು. ಫಲ ಬೇಗನೆ ಕಾಣಿಸಿತು. ಹತ್ತೇ ವರ್ಷಗಳಲ್ಲಿ ಶೇಕಡ 11 ಇದ್ದದ್ದು ಶೇಕಡ 40ನ್ನು ದಾಟಿತು. ದೂರದ ತೊಟ್ಟಿಗೆ ಸೀಸೆ ಹೊರಲು ಒಲ್ಲದಿದ್ದ ಜನರೇ ಮನೆಯ ಮುಂದಿನ ತೊಟ್ಟಿಗೆ ಸಂತೋಷದಿಂದ ಹಾಕಿದರು.

ಆದರೆ ಏರಿದ ಬಂಡಿ ಅಲ್ಲಿಯೇ ನಿಂತಿತು. 2010ರಿಂದೀಚೆಗೆ ಇಂಗ್ಲೆಂಡಿನ ಅಂಕಿ ಹೆಚ್ಚುಕಡಿಮೆ ಅಲುಗಿಲ್ಲ. ಇದಕ್ಕೆ ಕಾರಣಗಳು ಹಲವು. ಒಂದು ಊರಿನಲ್ಲಿ ತೊಟ್ಟಿಗೆ ಸೇರುವ ಮೊಸರಿನ ಡಬ್ಬಿ ಪಕ್ಕದ ಊರಿನಲ್ಲಿ ಸೇರುವುದಿಲ್ಲ. ಒಂದೆಡೆ ನೀಲಿ ತೊಟ್ಟಿಯಲ್ಲಿ ಕಾಗದ, ಇನ್ನೊಂದೆಡೆ ಅದೇ ಬಣ್ಣದಲ್ಲಿ ಬೇರೊಂದು. ಮನೆ ಬದಲಿಸಿದವನು ಕಸದ ಅಕ್ಷರಾಭ್ಯಾಸವನ್ನು ಹೊಸದಾಗಿ ಮಾಡಬೇಕಾಗುತ್ತಿತ್ತು. ಅನೇಕ ಕಡೆ ಅಡಿಗೆಮನೆಯ ಉಳಿಕೆಯನ್ನು ಬೇರೆಯಾಗಿ ಒಯ್ಯುವವರೇ ಇರಲಿಲ್ಲ. ಮಹಡಿ ಮಹಡಿಯ ವಸತಿಗಳಲ್ಲಿ ನಾಲ್ಕು ತೊಟ್ಟಿ ಇಡಲು ಸ್ಥಳವಿಲ್ಲ. ಎಸೆದಷ್ಟಕ್ಕೆ ಹಣ ತೆರುವ ಪದ್ಧತಿಯನ್ನು ಪರೀಕ್ಷಿಸಲು 2008ರ ಕಾಯಿದೆ ಐದು ಊರುಗಳಿಗೆ ಅವಕಾಶವಿತ್ತಿತು. ತೊಟ್ಟಿಗೂ ತೆರಿಗೆಯೇ ಎಂಬ ಕೂಗಿಗೆ ಅಂಜಿ ಒಂದು ಊರೂ ಮುಂದೆ ಬರಲಿಲ್ಲ. 2011ರಲ್ಲಿ ಆ ಅವಕಾಶವನ್ನೇ ರದ್ದುಗೊಳಿಸಲಾಯಿತು. ಒಂದೇ ಬಗೆಯ ವಿಂಗಡಣೆ ಇಡೀ ಇಂಗ್ಲೆಂಡಿಗೆ ಬರಬೇಕೆಂದು 2021ರ ಪರಿಸರ ಕಾಯಿದೆ ದಾರಿ ಮಾಡಿತು. ಅದು ಮನೆಗಳನ್ನು ತಲಪಲು ಗೊತ್ತುಮಾಡಿದ ದಿನ 2026ರ ಮಾರ್ಚ್ 31. ಜರ್ಮನಿಯ ಹಳದಿ ತೊಟ್ಟಿಗೆ ಆ ವೇಳೆಗೆ ಮೂವತ್ತು ವರ್ಷ ದಾಟಿದೆ.

ಈ ವಿಳಂಬಕ್ಕೆ ಇಂಗ್ಲಿಷರ ಸ್ವಭಾವವೇ ಕಾರಣವೆಂದು ಇನ್ನೂ ವಾದಿಸುವವರಿದ್ದರೆ ಅವರು ವೇಲ್ಸ್‌ನ ಕಡೆ ನೋಡಬೇಕು. ಅದು ಹೊರದೇಶವಲ್ಲ, ಬ್ರಿಟನ್ನಿನದೇ ಅಂಗ. ಅದೇ ಅಂಗಡಿಗಳು, ಅದೇ ಹಾಲಿನ ಸೀಸೆ, ಅದೇ ಚಹದ ಪೊಟ್ಟಣ. 1990ರ ದಶಕದ ಕೊನೆಯಲ್ಲಿ ಅಲ್ಲಿನ ಸ್ಥಳೀಯ ಸಂಸ್ಥೆಗಳು ಸಂಗ್ರಹಿಸುತ್ತಿದ್ದ ಕಸದಲ್ಲಿ ಶೇಕಡ 5ರಷ್ಟೂ ಮರುಬಳಕೆಯಾಗುತ್ತಿರಲಿಲ್ಲ. 2010ರಲ್ಲಿ ವೇಲ್ಸ್ ತನ್ನದೇ ಶಾಸನ ಮಾಡಿತು. ಇಂತಿಷ್ಟು ವರ್ಷಕ್ಕೆ ಇಂತಿಷ್ಟು ಎಂದು ಗುರಿಗಳನ್ನು ಗೊತ್ತುಮಾಡಿತು; ಗುರಿ ತಪ್ಪಿದ ಸ್ಥಳೀಯ ಸಂಸ್ಥೆಗೆ ದಂಡ ವಿಧಿಸುವ ಅಧಿಕಾರವನ್ನೂ ಇಟ್ಟುಕೊಂಡಿತು. ಅಲ್ಲಿನ 22 ಸಂಸ್ಥೆಗಳೂ ಅಡಿಗೆಮನೆಯ ಉಳಿಕೆಯನ್ನು ವಾರವಾರವೂ ಬೇರೆಯಾಗಿ ಒಯ್ಯುವ ಏರ್ಪಾಡು ಮಾಡಿದವು. 2019-20ರಲ್ಲಿ ಅಂಕಿ ಶೇಕಡ 65ನ್ನು ಮುಟ್ಟಿತು. ಮನೆಗಸವನ್ನಷ್ಟೇ ಎಣಿಸಿದ 2022ರ ಲೆಕ್ಕದಲ್ಲಿಯೂ ಇಂಗ್ಲೆಂಡಿನದು ಶೇಕಡ 43, ವೇಲ್ಸ್‌ನದು ಶೇಕಡ 57ರ ಆಸುಪಾಸು. ಗಡಿಯ ಆಚೆಗೂ ಈಚೆಗೂ ಮನುಷ್ಯರು ಒಂದೇ. ತೊಟ್ಟಿಗಳು ಬೇರೆ, ಅವುಗಳ ಹಿಂದಿರುವ ಸಂಕಲ್ಪ ಬೇರೆ.

ಏರ್ಪಾಡೇ ಎಲ್ಲವೂ ಎಂದರೆ ಮನೆಯವರ ಹೊಣೆ ಏನೂ ಇಲ್ಲವೇ ಎಂಬ ಪ್ರಶ್ನೆ ಏಳಬಹುದು. ಇದು ನ್ಯಾಯವಾದ ಪ್ರಶ್ನೆ. ತೊಟ್ಟಿಯನ್ನು ಸರ್ಕಾರ ಕೊಡಬಹುದು. ಡಬ್ಬಿಯನ್ನು ತೊಳೆದು ಹಾಕುವ ಕೈ ಮನೆಯದೇ ಆಗಬೇಕು. ಎಣ್ಣೆ ಮೆತ್ತಿದ ಒಂದು ಪೊಟ್ಟಣ ತನ್ನ ಸುತ್ತಲಿನ ಒಳ್ಳೆಯ ಕಾಗದವನ್ನೂ ಕೆಡಿಸುತ್ತದೆ. ಒಬ್ಬರ ಉದಾಸೀನದಿಂದ ಹತ್ತು ಮನೆಗಳ ಶ್ರಮ ವ್ಯರ್ಥವಾಗುವುದುಂಟು. ಆದ್ದರಿಂದ ಏರ್ಪಾಡು ಬಿತ್ತಿದ ರೂಢಿಯನ್ನು ಕಾಪಾಡಿಕೊಳ್ಳುವ ಕೆಲಸ ಪ್ರತಿ ಮನೆಯದು. ಆದರೆ ಬೀಜವನ್ನೇ ಬಿತ್ತದೆ ಬೆಳೆ ಬರಲಿಲ್ಲವೆಂದು ಹೊಲವನ್ನು ದೂರುವುದು ವಿವೇಕವಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಅಂಕಿ ಏರಿದ ಮಾತ್ರಕ್ಕೆ ಕಸ ನಿಜವಾಗಿ ಮರುಬಳಕೆಯಾಯಿತೆಂದು ತಿಳಿಯಬಾರದು. ಬ್ರಿಟನ್, ಜರ್ಮನಿ ಮೊದಲಾದ ದೇಶಗಳು ಬಹುಕಾಲ ತಮ್ಮ ಪ್ಲಾಸ್ಟಿಕ್ಕಿನ ಒಂದು ಭಾಗವನ್ನು ಚೀನಕ್ಕೆ ಸಾಗಿಸಿ, ಅದನ್ನು ಮರುಬಳಕೆಯ ಲೆಕ್ಕಕ್ಕೆ ಬರೆದುಕೊಂಡವು. 2018ರ ಆರಂಭದಲ್ಲಿ ಚೀನ ಬಾಗಿಲು ಮುಚ್ಚಿತು. ಆ ಹಡಗುಗಳು ಮಲೇಷ್ಯಕ್ಕೂ ಟರ್ಕಿಗೂ ತಿರುಗಿದವು. 2021ರಲ್ಲಿ ಟರ್ಕಿಯ ಅದಾನ ಪ್ರದೇಶದ ರಸ್ತೆಬದಿಗಳಲ್ಲಿ, ಕಾಲುವೆಗಳ ಬಳಿಯಲ್ಲಿ ಬ್ರಿಟಿಷ್ ಅಂಗಡಿಗಳ ಹೆಸರು ಹೊತ್ತ ಪೊಟ್ಟಣಗಳು ಅರೆಬೆಂದು ಬಿದ್ದಿದ್ದುದನ್ನು ಜಗತ್ತು ಕಂಡಿತು. ಅಷ್ಟು ಶ್ರದ್ಧೆಯಿಂದ ತೊಳೆದು ವಿಂಗಡಿಸಿದ ಗೃಹಿಣಿಗೆ ಇದಕ್ಕಿಂತ ದೊಡ್ಡ ವಂಚನೆ ಉಂಟೆ? ತನ್ನ ಮನೆಯ ಕಸವನ್ನು ಗುಡಿಸಿ ನೆರೆಯವನ ಅಂಗಳಕ್ಕೆ ತಳ್ಳಿದವನು ಶುಚಿವಂತನೆನಿಸಿಕೊಳ್ಳಲಾರನು. ಜನ ಏರ್ಪಾಡಿನಲ್ಲಿ ಇಟ್ಟ ನಂಬಿಕೆ ಒಮ್ಮೆ ಮುರಿದರೆ ಅದನ್ನು ಮತ್ತೆ ಕೂಡಿಸುವುದು ಗಾಜನ್ನು ಕರಗಿಸಿ ಸೀಸೆ ಮಾಡುವಷ್ಟು ಸುಲಭವಲ್ಲ.

ಮರುಬಳಕೆಯಲ್ಲಿ ಮುಂದಿರುವ ಜರ್ಮನಿಯಲ್ಲಿಯೇ ಒಬ್ಬೊಬ್ಬನ ಪಾಲಿಗೆ ಬೀಳುವ ಕಸ ಯೂರೋಪಿನ ಒಕ್ಕೂಟದ ಸರಾಸರಿಗಿಂತ ಹೆಚ್ಚು. ವಿಂಗಡಿಸಿ ಹಾಕಿದೆವೆಂಬ ಸಮಾಧಾನ ಹೆಚ್ಚು ಕೊಳ್ಳಲು ನೆಪವಾಗಬಾರದು. ಹಾಲಿನವನ ಗಾಜಿನ ಸೀಸೆ ಇಂದಿನ ಪ್ಲಾಸ್ಟಿಕ್ ಸೀಸೆಗಿಂತ ಮೇಲೆನಿಸುವುದು ಈ ಕಾರಣದಿಂದಲೇ: ಅದು ಕಸವಾಗಿ ಮತ್ತೆ ಸೀಸೆಯಾಗುತ್ತಿರಲಿಲ್ಲ, ಕಸವೇ ಆಗುತ್ತಿರಲಿಲ್ಲ. ಕಸವನ್ನು ಹುಟ್ಟಿಸದಿರುವುದು ಮೊದಲನೆಯದು, ಇದ್ದ ವಸ್ತುವನ್ನೇ ಮತ್ತೆ ಬಳಸುವುದು ಎರಡನೆಯದು, ಕರಗಿಸಿ ಹೊಸದು ಮಾಡುವುದು ಮೂರನೆಯದು.

ದೇಶಗಳನ್ನು ಹೋಲಿಸುವುದರಿಂದ ಒಂದನ್ನು ಹೊಗಳಿ ಇನ್ನೊಂದನ್ನು ಹಳಿಯುವುದಷ್ಟೇ ಫಲವಾದರೆ ಆ ಹೋಲಿಕೆ ವ್ಯರ್ಥ. ಲಂಡನ್ನಿನ ಬೂದಿಗುಡ್ಡೆ, ಟಾಟನ್‌ಹ್ಯಾಮಿನ ಹಂದಿಮೇವು, ಸ್ವಿಸ್ ಚೀಲ, ಕಪಾನೊರಿಯ ಉಪಾಧ್ಯಾಯರು, ವೇಲ್ಸ್‌ನ ಶಾಸನ ಇವೆಲ್ಲವೂ ಒಂದೇ ಮಾತನ್ನು ಹೇಳುತ್ತವೆ. ಯಾವ ಜನಾಂಗವೂ ಹುಟ್ಟಿನಿಂದ ಶುಚಿಯಲ್ಲ, ಯಾವುದೂ ಹುಟ್ಟಿನಿಂದ ಕೊಳಕಲ್ಲ. ಒಳ್ಳೆಯ ಕೆಲಸವನ್ನು ಸುಲಭಗೊಳಿಸಿ, ಕೆಟ್ಟದ್ದನ್ನು ದುಬಾರಿಯಾಗಿಸಿ, ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಆಡಳಿತವಿದ್ದಲ್ಲಿ ಸಾಮಾನ್ಯ ಜನ ಅಸಾಮಾನ್ಯವಾದ ರೂಢಿಗಳನ್ನು ಬೆಳೆಸಿಕೊಳ್ಳುತ್ತಾರೆ. ಜನರ ಸ್ವಭಾವವನ್ನು ದೂರುವುದು ಆಳುವವರಿಗೆ ಸುಲಭ. ನಾಲ್ಕು ತೊಟ್ಟಿಗಳನ್ನಿಟ್ಟು ವಾರ ತಪ್ಪದೆ ಅವುಗಳನ್ನು ಒಯ್ಯುವುದು ಕಷ್ಟ. ಆ ಕಷ್ಟದ ಕೆಲಸವೇ ನಾಗರಿಕತೆಯ ಕೆಲಸ.